ನಕಾಶೆ ಕಂಡ ದಾರಿ ಅಂದರೆ ಏನು?

ಕಂದಾಯ ಇಲಾಖೆಯ ಕಾಗದಗಳಲ್ಲಿ ‘ನಕಾಶೆ ಕಂಡ ದಾರಿ’ ಅನ್ನೋ ಮಾತು ಬರುತ್ತದೆ. ನಕಾಶೆಯಲ್ಲಿ ಗೆರೆ ಎಳೆದು ತೋರಿಸಿದ ದಾರಿ ಅಂತ ಅರ್ಥ. ಡಾಂಬರು ಬೇಕಿಲ್ಲ, ಗರಸು ಹಾಕಿರಬೇಕಂತಲೂ ಇಲ್ಲ, ಜಾಲಿಕಂಟಿ ಬೆಳೆದು ಕಾಲಿಡೋಕೆ ಆಗದಿದ್ದರೂ ಅದು ದಾರಿಯೇ. ಹೊಲದ ಬಂಡಿದಾರಿ, ಕಾಲುದಾರಿಗೆ ಬಳಸುವ ಮಾತು ಇದು. ಹುಬ್ಬಳ್ಳಿ-ಧಾರವಾಡದ ಹೊರಗಿನ ಎನ್.ಎ. (ಕೃಷಿಯೇತರ) ಪ್ಲಾಟುಗಳ ಜಗಳಕ್ಕೂ ಹೀಗೆ ನಕಾಶೆಯಲ್ಲಿದ್ದು ನೆಲದ ಮೇಲೆ ಕಾಣದ ದಾರಿಯೇ ಬೇರು.

ನಮ್ಮ ಕಾಕಾ ಕೊಂಡ ಪ್ಲಾಟಿನ ಮುಂದೆ ಲೇಔಟ್ ನಕಾಶೆಯಲ್ಲಿ 30 ಅಡಿ ರಸ್ತೆ ಇತ್ತು. ಹೋಗಿ ನೋಡಿದರೆ ಬರೀ ಎರೆಮಣ್ಣು, ಅದರಲ್ಲಿ ಪಕ್ಕದವರ ತಂತಿಬೇಲಿ, ಎಮ್ಮೆ ಕಟ್ಟುವ ಗೂಟ. “ಇಲ್ಲಿ ರಸ್ತೆ ಎಲ್ಲೈತ್ರಿ? ಹದಿನೈದು ವರ್ಷದಿಂದ ನಾವೇ ಹಸನ ಇಟ್ಕೊಂಡು ಬಂದೇವಿ” ಅಂದರು ಪಕ್ಕದ ಅಜ್ಜಾರು. ಅವರು ಹೇಳಿದ್ದು ಸುಳ್ಳಲ್ಲ. ಆದರೆ ಹಸನ ಇಟ್ಟ ಮಾತ್ರಕ್ಕೆ ಜಾಗ ಅವರದಾಗುವುದಿಲ್ಲ. ಮಂಜೂರಾದ ಲೇಔಟಿನ ರಸ್ತೆಯನ್ನು 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಪ್ರಕಾರ ಯೋಜನಾ ಪ್ರಾಧಿಕಾರಕ್ಕೋ ಸ್ಥಳೀಯ ಸಂಸ್ಥೆಗೋ ಪುಕ್ಕಟೆ ಬಿಟ್ಟುಕೊಡಬೇಕು. ಹಾಗಂತ ಅದು ಕಾಕಾರದೂ ಅಲ್ಲ. ಅವರು ಓಡಾಡಬಹುದು, ಅಷ್ಟೇ.

‘ವಹಿವಾಟಿನ ದಾರಿ’ ಬೇರೆ. ಅದು ನಕಾಶೆಯಲ್ಲಿರುವುದಿಲ್ಲ, ನಡೆದು ನಡೆದು ಆದದ್ದು. ಇನ್ನೊಬ್ಬರ ಜಾಗ ಬಳಸುವ ಹಕ್ಕಿನ ಬಗ್ಗೆ ಇರುವ 1882ರ ಈಸ್‌ಮೆಂಟ್ ಕಾಯ್ದೆಯಂತೆ, ಇನ್ನೊಬ್ಬರ ಜಾಗದಲ್ಲಿ 20 ವರ್ಷ ಎಲ್ಲರ ಕಣ್ಣೆದುರಿಗೆ, ತಡೆಯಿಲ್ಲದೆ, ನನ್ನ ಹಕ್ಕು ಅಂತಲೇ ಓಡಾಡಿದ್ದರೆ ದಾರಿಯ ಹಕ್ಕು ಹುಟ್ಟುತ್ತದೆ. ಸರ್ಕಾರಿ ಜಾಗವಾದರೆ 30 ವರ್ಷ. “ಹೋಗ್ರಿ, ಏನಾತು” ಅಂತ ಜಾಗದ ಮಾಲೀಕರು ಪರವಾನಗಿ ಕೊಟ್ಟು ನೀವು ಓಡಾಡಿದ್ದರೆ ಅದು ಲೆಕ್ಕಕ್ಕೆ ಬರುವುದಿಲ್ಲ. ಅಣ್ಣತಮ್ಮಂದಿರ ವಾಟ್ನಿಯಲ್ಲಿ (ಆಸ್ತಿ ಪಾಲಿನಲ್ಲಿ) ಒಬ್ಬನ ಪಾಲಿಗೆ ದಾರಿಯೇ ಇಲ್ಲದಂತಾದರೆ ಅವಶ್ಯಕತೆಯ ದಾರಿ ಕೇಳಬಹುದು. ಮುಂದೆ ಬೇರೆ ದಾರಿ ಸಿಕ್ಕು ಅವಶ್ಯಕತೆ ಮುಗಿದರೆ ಆ ಹಕ್ಕೂ ಮುಗಿಯುತ್ತದೆ.

ನಿಮ್ಮದು ಯಾವ ದಾರಿ ಅಂತ ಗೊತ್ತಾಗದೆ ಜಗಳಕ್ಕೆ ಇಳಿಯಬೇಡಿ. ಮೊದಲು ಖರೀದಿ ಪತ್ರದ ಚಕ್ಕುಬಂದಿ (ನಾಲ್ಕೂ ದಿಕ್ಕಿನ ಗಡಿಯ ವಿವರ) ಓದಿ, ‘ಪೂರ್ವಕ್ಕೆ ರಸ್ತೆ’ ಅಂತ ಇದೆಯಾ ನೋಡಿ. ಲೇಔಟ್ ಮಂಜೂರು ಮಾಡಿದ ಪ್ರಾಧಿಕಾರದಿಂದ ನಕಾಶೆಯ ನಕಲು ತಗೊಳ್ಳಿ, ಮೋಜಣಿಗೆ (ಸರ್ವೇ ಅಳತೆಗೆ) ಅರ್ಜಿ ಹಾಕಿ, ಅಳೆಯುವ ದಿನ ಪಕ್ಕದವರನ್ನೂ ಕರೆಯಿರಿ. ಅವರಿಲ್ಲದಾಗ ಹಾಕಿದ ಗಡಿಕಲ್ಲನ್ನು ಅವರು ನಂಬಲ್ಲ, ಅಲ್ವಾ? ರಾತ್ರೋರಾತ್ರಿ ಜೆಸಿಬಿ ತಂದು ಬೇಲಿ ಕಿತ್ತರೆ ಕೇಸು ನಿಮ್ಮ ಮೇಲೆಯೇ ಬರುತ್ತದೆ. ಲೇಔಟ್ ರಸ್ತೆಯ ಒತ್ತುವರಿ ತೆಗೆಸುವುದು ಪಾಲಿಕೆಯ ಇಲ್ಲವೇ ಅಲ್ಲಿಯ ಸ್ಥಳೀಯ ಸಂಸ್ಥೆಯ ಕೆಲಸ. ಹೊಲದ ದಾರಿಗಾದರೆ ತಹಶೀಲ್ದಾರರಿಗೆ ಅರ್ಜಿ ಕೊಡಬೇಕು. ಇಬ್ಬರಿಗೂ ರಾಜಿಯ ಮನಸ್ಸಿದ್ದರೆ ಲೋಕ ಅದಾಲತ್ ಇದೆ, ಶುಲ್ಕವಿಲ್ಲ, ಅಲ್ಲಿಯ ತೀರ್ಮಾನಕ್ಕೆ ಕೋರ್ಟಿನ ಡಿಕ್ರಿಯಷ್ಟೇ ಬಲ.

ಕಾಕಾ ಕೋರ್ಟಿಗೆ ಹೋಗಲಿಲ್ಲ. ಮೋಜಣಿಯ ದಿನ ಸರಪಳಿಯ ಒಂದು ತುದಿಯನ್ನು ಅಜ್ಜಾರ ಮಗನ ಕೈಗೇ ಕೊಟ್ಟರು. ಸುಗ್ಗಿ ಮುಗಿಯೋವರೆಗೂ ಬೇಲಿ ಇರಲಿ ಅಂದರು ಅಜ್ಜಾರು, ಕಾಕಾ ಹೂಂ ಅಂದರು. ಆಮೇಲೆ ಬೇಲಿ ಸರಿಸಿದ ಆಳಿನ ಕೂಲಿ ಇಬ್ಬರೂ ಅರ್ಧರ್ಧ ಕೊಟ್ಟರು.