ಅಮೆರಿಕ–ಕೆನಡಾ ಮರದ ವ್ಯಾಜ್ಯ: ನಿಂತ ಮರದ ಬೆಲೆಯಿಂದ ಗಡಿಯ ಸುಂಕದವರೆಗೆ

ಈ ವ್ಯಾಜ್ಯ ಓದಲು ಕೂತವರು ಮೊದಲು ಇಸವಿಗಳನ್ನು ಬಾಯಿಪಾಠ ಮಾಡುತ್ತಾರೆ. ಅದಕ್ಕಿಂತ ಮೊದಲು ಒಂದು ಶಬ್ದ ಗಟ್ಟಿಮಾಡಿಕೊಳ್ಳಿ: ಸ್ಟಂಪೇಜ್. ಕಾಡಿನಲ್ಲಿ ನಿಂತ ಮರವನ್ನು ಕಡಿಯುವ ಹಕ್ಕಿಗಾಗಿ ಮಿಲ್ಲಿನವರು ಕಾಡಿನ ಒಡೆಯನಿಗೆ ಕೊಡುವ ಹಣ ಅದು. ಕೆನಡಾದಲ್ಲಿ ಕಾಡಿನ ಬಹುಪಾಲು ಪ್ರಾಂತ್ಯ ಸರ್ಕಾರಗಳದ್ದು. ಬ್ರಿಟಿಷ್ ಕೊಲಂಬಿಯಾದಲ್ಲಂತೂ ಶೇ 90ಕ್ಕೂ ಹೆಚ್ಚು. ಅಮೆರಿಕದಲ್ಲಿ ನಾಟಾ ಹೆಚ್ಚಾಗಿ ಬರುವುದು ಖಾಸಗಿ ಜಮೀನಿನಿಂದ, ಮಾರುಕಟ್ಟೆ ಬೆಲೆಗೆ. ಕೆನಡಾ ಸರ್ಕಾರ ಮರವನ್ನು ಅಗ್ಗಕ್ಕೆ ಕೊಡುವುದೇ ಸಬ್ಸಿಡಿ ಎಂಬುದು ಅಮೆರಿಕದ ಮಿಲ್ ಮಾಲೀಕರ ದೂರು.

ದೂರಿದ ಮಾತ್ರಕ್ಕೆ ಸಬ್ಸಿಡಿಯನ್ನು ಸರಿದೂಗಿಸುವ ಆಮದು ಸುಂಕ ಬೀಳುವುದಿಲ್ಲ. ಅಮೆರಿಕದ ವಾಣಿಜ್ಯ ಇಲಾಖೆ ಮೂರು ಸಂಗತಿ ತೋರಿಸಬೇಕು: ಸರ್ಕಾರ ಏನಾದರೂ ಕೊಟ್ಟಿದೆ, ಅದರಿಂದ ಲಾಭವಾಗಿದೆ, ಮತ್ತು ಆ ಲಾಭ ಕೆಲವೇ ಉದ್ಯಮಗಳಿಗೆ ಸೀಮಿತವಾಗಿದೆ. ಸ್ವದೇಶಿ ಉದ್ಯಮಕ್ಕೆ ಹಾನಿಯಾಗಿದೆಯೇ, ಆಗುವ ಅಪಾಯವಿದೆಯೇ ಎಂಬುದನ್ನು ಅಂತರರಾಷ್ಟ್ರೀಯ ವ್ಯಾಪಾರ ಆಯೋಗ ಬೇರೆಯಾಗಿ ತೀರ್ಮಾನಿಸುತ್ತದೆ. 1983ರಲ್ಲಿ ಮೊದಲ ದೂರು ಬಿದ್ದುಹೋದದ್ದು ಮೂರನೆಯ ಸಂಗತಿಯಲ್ಲಿ: ಕಾಡಿನ ಮರ ಹಲವು ಉದ್ಯಮಗಳಿಗೆ ಸಿಗುತ್ತಿದೆ ಎಂದು ಇಲಾಖೆ ಹೇಳಿತು. 1986ರಲ್ಲಿ ಅದೇ ಇಲಾಖೆ ನಿಲುವು ಬದಲಿಸಿ, ಪ್ರಾಥಮಿಕ ತೀರ್ಮಾನದಲ್ಲಿ ಶೇ 15 ಸಬ್ಸಿಡಿ ಇದೆ ಎಂದಿತು. ಕಾಡೂ ಅದೇ, ಮರವೂ ಅದೇ; ಬದಲಾದದ್ದು ಅಳೆಯುವ ರೀತಿ.

ಅಳೆಯುವುದು ಹೇಗೆ? ಲೆಕ್ಕ ಮಾಡಿ ನೋಡೋಣ (ಅಂಕಿಗಳು ಉದಾಹರಣೆಗೆ ಮಾತ್ರ). ಒಂದು ಮಿಲ್ಲು 1 ಲಕ್ಷ ಘನ ಮೀಟರ್ ಮರ ಕಡಿದು, ಘನ ಮೀಟರಿಗೆ 20 ಡಾಲರ್ ಕೊಟ್ಟಿದೆ. ಹೋಲಿಕೆಯ ಬೆಲೆ, ಅಂದರೆ ಮಾರುಕಟ್ಟೆಯಲ್ಲಿ ಅದೇ ಮರಕ್ಕೆ ಕೊಡಬೇಕಿದ್ದ ಬೆಲೆ, 35 ಡಾಲರ್ ಎಂದು ಹಿಡಿದರೆ ಲಾಭ 15 ಲಕ್ಷ ಡಾಲರ್. ಮಿಲ್ಲಿನ ಮಾರಾಟ 1 ಕೋಟಿ ಡಾಲರ್ ಇದ್ದರೆ ಸಬ್ಸಿಡಿ ದರ ಶೇ 15. ಈಗ ಹೋಲಿಕೆಯ ಬೆಲೆಯನ್ನು 25ಕ್ಕೆ ಇಳಿಸಿ: ದರ ಶೇ 5. ಇಡೀ ಜಗಳ ಆ ಒಂದು ಅಂಕಿಯ ಮೇಲೆ ನಿಂತಿದೆ. 2002ರಲ್ಲಿ ಇಲಾಖೆ ಗಡಿಯಾಚೆಯ ಅಮೆರಿಕದ ಬೆಲೆ ಹಿಡಿಯಿತು, ನಾಫ್ಟಾ (ಉತ್ತರ ಅಮೆರಿಕದ ಮುಕ್ತ ವ್ಯಾಪಾರ ಒಪ್ಪಂದ) ಸಮಿತಿ ಅದನ್ನು ಒಪ್ಪಲಿಲ್ಲ. 2017ರ ಪ್ರಕರಣದಲ್ಲಿ ಬ್ರಿಟಿಷ್ ಕೊಲಂಬಿಯಾಕ್ಕೆ ವಾಷಿಂಗ್ಟನ್ ರಾಜ್ಯದ ದಿಮ್ಮಿಯ ಬೆಲೆ, ಆಲ್ಬರ್ಟಾ, ಒಂಟಾರಿಯೊ, ಕ್ವಿಬೆಕ್‌ಗಳಿಗೆ ಕೆನಡಾದ್ದೇ ಆದ ನೋವಾ ಸ್ಕೋಶಿಯಾ ಪ್ರಾಂತ್ಯದ ಖಾಸಗಿ ಕಾಡಿನ ಬೆಲೆ. ಆದರೆ ಮರದ ಜಾತಿ, ದಪ್ಪ, ಸಾಗಣೆಯ ದೂರ ಒಂದೊಂದು ಕಡೆ ಒಂದೊಂದು ಥರ. 2020ರ ಆಗಸ್ಟ್‌ನಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಸಮಿತಿ ಕೆನಡಾದ ಪರ ನಿಂತಿತು. ಅಮೆರಿಕ ಮೇಲ್ಮನವಿ ಹಾಕಿತು. ಮೇಲ್ಮನವಿ ಪೀಠದಲ್ಲಿ ವಿಚಾರಣೆ ನಡೆಸಲು ಸಾಕಷ್ಟು ಸದಸ್ಯರೇ ಇರಲಿಲ್ಲ, ಕಡತ ಅಲ್ಲೇ ಕೂತಿದೆ.

ಡಂಪಿಂಗ್ ಸುಂಕ ಇದರಿಂದ ಪೂರ್ತಿ ಬೇರೆ. ಅಲ್ಲಿ ಸರ್ಕಾರವಲ್ಲ, ಕಂಪನಿ ಆರೋಪಿ: ನ್ಯಾಯಬೆಲೆಗಿಂತ ಕಡಿಮೆಗೆ ಅಮೆರಿಕದಲ್ಲಿ ಮಾರಿತು ಎಂಬುದು ದೂರು. ಉದಾಹರಣೆಗೆ ನ್ಯಾಯಬೆಲೆ 400 ಡಾಲರ್ ಎನ್ನಿ. ಒಂದು ಲೋಡ್ 380ಕ್ಕೆ, ಇನ್ನೊಂದು 420ಕ್ಕೆ ಮಾರಾಟವಾಗಿದೆ. ಸರಾಸರಿ ತೆಗೆದರೆ ಡಂಪಿಂಗ್ ಸೊನ್ನೆ. ‘ಝೀರೋಯಿಂಗ್’ ಪದ್ಧತಿಯಲ್ಲಿ ಹೆಚ್ಚು ಬೆಲೆಯ ಲೋಡಿನ ಹೆಚ್ಚುವರಿಯನ್ನು ಸೊನ್ನೆ ಎಂದು ಬರೆದು, ಕೊರತೆಯ 20ನ್ನು ಒಟ್ಟು ಮಾರಾಟದ 800ಕ್ಕೆ ಭಾಗಿಸುತ್ತಾರೆ: ಶೇ 2.5.

ಇನ್ನು ಒಪ್ಪಂದಗಳು. 1986ರ ಕೊನೆಯಲ್ಲಿ ಕೆನಡಾ ತಾನೇ ಶೇ 15 ರಫ್ತು ತೆರಿಗೆ ಹಾಕಲು ಒಪ್ಪಿತು. ಕೊಳ್ಳುವವನಿಗೆ ಎರಡೂ ಒಂದೇ ಥರ ಕಾಣುತ್ತವೆ, ಆದರೆ ಆಮದು ಸುಂಕ ಅಮೆರಿಕದ ಬೊಕ್ಕಸಕ್ಕೆ, ರಫ್ತು ತೆರಿಗೆ ಕೆನಡಾದ ಬೊಕ್ಕಸಕ್ಕೆ. ಕೆನಡಾ ಏಕೆ ಒಪ್ಪುತ್ತದೆ ಎಂಬ ಪ್ರಶ್ನೆಗೆ ಇಲ್ಲಿಂದಲೇ ಉತ್ತರ ಶುರುಮಾಡಿ. 2006ರ ಒಪ್ಪಂದದಲ್ಲಿ ತೆರಿಗೆ ಮಾರುಕಟ್ಟೆ ಬೆಲೆಗೆ ಕಟ್ಟಿಹಾಕಿತ್ತು. ಸಾವಿರ ಬೋರ್ಡ್ ಫೂಟ್‌ಗೆ ಬೆಲೆ 355 ಡಾಲರ್ ದಾಟಿದರೆ ತೆರಿಗೆಯಿಲ್ಲ. ಇಳಿದಂತೆ ಶೇ 5, 10, ಮತ್ತು 315 ಅಥವಾ ಅದಕ್ಕೂ ಕೆಳಗೆ ಶೇ 15. ಒಂದಡಿ ಉದ್ದ, ಒಂದಡಿ ಅಗಲ, ಒಂದು ಇಂಚು ದಪ್ಪದ ಹಲಗೆಯೇ ಒಂದು ಬೋರ್ಡ್ ಫೂಟ್. ಅಲ್ಲಿಯವರೆಗೆ ಅಮೆರಿಕ ಸುಂಕವಾಗಿ ವಸೂಲು ಮಾಡಿದ್ದ 5 ಶತಕೋಟಿಗೂ ಹೆಚ್ಚು ಡಾಲರ್‌ನಲ್ಲಿ ಸುಮಾರು 4 ಶತಕೋಟಿ ವಾಪಸಾಯಿತು, 1 ಶತಕೋಟಿ ಅಮೆರಿಕದಲ್ಲೇ ಉಳಿಯಿತು. 2015ರ ಅಕ್ಟೋಬರ್‌ಗೆ ಒಪ್ಪಂದ ಮುಗಿಯಿತು, 2016ರ ನವೆಂಬರ್‌ನಲ್ಲಿ ಹೊಸ ದೂರು ಬಂತು.

ಹೆಚ್ಚು ಮಂದಿ ಎಡವುವುದು ದರದ ವಿಷಯದಲ್ಲಿ. ಗಡಿಯಲ್ಲಿ ಕಟ್ಟುವುದು ಅಂತಿಮ ಸುಂಕವಲ್ಲ, ಠೇವಣಿ; ಅಂತಿಮ ದರ ನಂತರದ ವಾರ್ಷಿಕ ಪರಿಶೀಲನೆಯಲ್ಲಿ ತೀರ್ಮಾನವಾಗುತ್ತದೆ. ಪ್ರತ್ಯೇಕ ತನಿಖೆಗೆ ಒಳಪಡದ ಕಂಪನಿಗಳಿಗೆ 2018ರ ಆರಂಭದಲ್ಲಿ ಸಬ್ಸಿಡಿ, ಡಂಪಿಂಗ್ ಎರಡೂ ಸುಂಕ ಸೇರಿ ಒಟ್ಟು ಶೇ 20.23 ಇತ್ತು. ಆ ವರ್ಷದ ಪರಿಶೀಲನೆ 2020ರ ನವೆಂಬರ್‌ನಲ್ಲಿ ಮುಗಿದಾಗ ಬಂದ ದರ ಶೇ 8.99. 1 ಲಕ್ಷ ಡಾಲರ್ ಮಾಲಿಗೆ 20,230 ಠೇವಣಿ ಇಟ್ಟವರಿಗೆ 11,240 ಡಾಲರ್ ಬಡ್ಡಿಸಮೇತ ವಾಪಸು ಬರಬೇಕು. ಆದರೆ ಪರಿಶೀಲನೆಯನ್ನು ಪ್ರಶ್ನಿಸಿ ಯಾರಾದರೂ ವ್ಯಾಜ್ಯ ಹೂಡಿದರೆ ಲೆಕ್ಕ ಚುಕ್ತಾ ಆಗುವುದು ನಿಂತುಬಿಡುತ್ತದೆ. ಸಣ್ಣ ಮಿಲ್ಲುಗಳಿಗೆ ದರಕ್ಕಿಂತ ಹೆಚ್ಚು ಪೆಟ್ಟು ಕೊಡುವುದು ಹೀಗೆ ಸಿಕ್ಕಿಬೀಳುವ ದುಡಿಯುವ ಬಂಡವಾಳ. ದರ ಏರಿದರೆ ಉಲ್ಟಾ: ಮಾರಿ ಮುಗಿದ ಮಾಲಿಗೆ ವರ್ಷಗಳ ನಂತರ ಬಾಕಿ ಬಿಲ್ಲು ಬರುತ್ತದೆ.

2025ರ ಆಗಸ್ಟ್‌ನಲ್ಲಿ ಎರಡೂ ಸುಂಕ ಸೇರಿ ಸುಮಾರು ಶೇ 35ಕ್ಕೆ ಏರಿತು. ಅಕ್ಟೋಬರ್ 14ರಿಂದ ಅಮೆರಿಕದ ವ್ಯಾಪಾರ ವಿಸ್ತರಣಾ ಕಾಯ್ದೆಯ 232ನೇ ಕಲಮಿನಡಿ ಇನ್ನೂ ಶೇ 10. ‘ಶೇ 45 ಸಬ್ಸಿಡಿ ಸುಂಕ’ ಎಂದು ಮಾತ್ರ ಬರೆಯಬೇಡಿ. ಆ ಶೇ 10ಕ್ಕೆ ಆಧಾರ ರಾಷ್ಟ್ರೀಯ ಭದ್ರತೆ. ಅದಕ್ಕೆ ಸ್ಟಂಪೇಜ್ ಲೆಕ್ಕವಿಲ್ಲ, ವಾರ್ಷಿಕ ಪರಿಶೀಲನೆಯೂ ಇಲ್ಲ.