ಕತ್ತಿ ಮಾಡುವ ಮೊದಲು ಕತ್ತಿ ಮಸೆಯುವುದು: ಹವ್ಯಾಸಿಗಳಿಗೆ ಅಧ್ಯಯನ ಟಿಪ್ಪಣಿ

ಕನ್ನಡದಲ್ಲಿ ‘ಕತ್ತಿ ಮಸೆಯುವುದು’ ಎಂದರೆ ಹಗೆ ಸಾಧಿಸುವುದು ಎಂಬ ಅರ್ಥವೇ ಬಳಕೆಯಲ್ಲಿ ಮುಂದಾಗಿದೆ. ಈ ಟಿಪ್ಪಣಿಯಲ್ಲಿ ಆ ಮಾತನ್ನು ಅದರ ಮೊದಲ ಅರ್ಥದಲ್ಲಿಯೇ ಬಳಸಿದ್ದೇನೆ. ಚಾಕು, ಕತ್ತಿ, ಮಚ್ಚುಗಳನ್ನು ಸ್ವತಃ ಮಾಡಿ ನೋಡಬೇಕೆಂಬ ಆಸೆ ಹುಟ್ಟಿದವರು ಸಾಮಾನ್ಯವಾಗಿ ಮೊದಲ ದಿನವೇ ಕುಲುಮೆ ಕಟ್ಟಲು ಹೊರಡುತ್ತಾರೆ. ನಾನೂ ಹಾಗೆಯೇ ಹೊರಟಿದ್ದೆ. ಆದರೆ ಮನೆಯಲ್ಲಿ ಮೊಂಡಾಗಿ ಬಿದ್ದಿರುವ ನಾಲ್ಕು ಅಲಗುಗಳನ್ನು ಮಸೆದು, ಸಡಿಲಗೊಂಡ ಹಿಡಿಗಳನ್ನು ಕೂರಿಸಿ, ಮುಕ್ಕಾದ ಬಾಯಿಯನ್ನು ಸರಿಪಡಿಸಿದವರಿಗೆ ಮಾತ್ರ ಐದನೆಯದನ್ನು ಹೊಸದಾಗಿ ಮಾಡುವಾಗ ಏನು ಬೇಕು, ಏನು ಬೇಡ ಎಂಬುದು ತಿಳಿಯುತ್ತದೆ ಎಂಬುದು ಈಗ ನನ್ನ ಅಭಿಪ್ರಾಯ. ಆದ್ದರಿಂದ ಈ ಟಿಪ್ಪಣಿಯೂ ರಿಪೇರಿಯಿಂದಲೇ ಆರಂಭವಾಗುತ್ತದೆ.

ಚಿಕ್ಕಮಗಳೂರಿನ ಸುತ್ತಮುತ್ತ ಇರುವವರಿಗೆ ಕಲಿಯಲು ಬೇಕಾದ ಅಲಗುಗಳಿಗೆ ಬರವಿಲ್ಲ. ಯಾವುದೇ ತೋಟದ ಮನೆಯ ಹಿಂಬಾಗಿಲಿನ ಮೂಲೆಯನ್ನು ನೋಡಿದರೂ ಮಳೆಗಾಲಕ್ಕೆ ಮುಂಚೆ ಮರಗಸಿಗೆ, ಅಂದರೆ ತೋಟದ ನೆರಳು ಮರಗಳ ಕೊಂಬೆ ಕಡಿಯಲು ಬಳಸುವ ಭಾರದ ಕತ್ತಿ, ಕಾಫಿ ಗಿಡದ ಕಸಿಗೆ (ರೆಂಬೆ ಸವರುವುದಕ್ಕೆ) ಬೇಕಾದ ಕತ್ತರಿ, ಹುಲ್ಲು ಕೊಯ್ಯುವ ಕುಡುಗೋಲು, ಒಳಗೆ ಅಡುಗೆಮನೆಯಲ್ಲಿ ಹಲಸಿನಿಂದ ಹಿಡಿದು ಹುರುಳಿಕಾಯಿವರೆಗೆ ಎಲ್ಲವನ್ನೂ ಕೊಯ್ಯುವ ಮೆಟ್ಟುಗತ್ತಿ (ಈಳಿಗೆಮಣೆ) ಕಾಣಸಿಗುತ್ತವೆ. ಇವುಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ಬೆನ್ನಿನ ದಪ್ಪವನ್ನೂ ಬಾಯಿಯ ಇಳಿಜಾರನ್ನೂ ಹೋಲಿಸಿ ನೋಡುವುದೇ ಮೊದಲ ಪಾಠ. ಮರಗಸಿಯ ಕತ್ತಿಯ ಬಾಯಿ ದಪ್ಪವಾಗಿರುತ್ತದೆ, ಏಕೆಂದರೆ ಅದು ಸಿಲ್ವರ್ ಓಕಿನ ಕೊಂಬೆಗೆ ಬಡಿಯಬೇಕು. ತರಕಾರಿಯ ಚಾಕು ತೆಳುವಾಗಿರುತ್ತದೆ, ಏಕೆಂದರೆ ಅದು ಬಡಿಯುವುದಿಲ್ಲ, ಜಾರಿಕೊಂಡು ಹೋಗುತ್ತದೆ. ಒಂದರ ಬಾಯಿಯನ್ನು ಇನ್ನೊಂದಕ್ಕೆ ಕೊಟ್ಟರೆ ಎರಡೂ ಕೆಡುತ್ತವೆ.

ಮಸೆಯುವುದು

ಇದಕ್ಕೆ ಬೇಕಾಗಿರುವುದು ಒಂದು ಕಲ್ಲು. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ, ಒಂದು ಮುಖ ಒರಟು ಮತ್ತು ಇನ್ನೊಂದು ಮುಖ ನಯವಾಗಿರುವ ಕಾರ್ಬೊರಂಡಮ್ ಕಲ್ಲು ತೋಟದ ಕತ್ತಿಗಳಿಗೆ ಸಾಕು. ಅಡುಗೆಮನೆಯ ಚಾಕುವಿಗೆ 1000 ಗ್ರಿಟ್‌ನ ನೀರುಕಲ್ಲು ಒಂದಿದ್ದರೆ ಕೆಲಸ ಚೆನ್ನಾಗಿ ನಡೆಯುತ್ತದೆ. ಗ್ರಿಟ್ ಸಂಖ್ಯೆ ಹೆಚ್ಚಾದಷ್ಟೂ ಕಲ್ಲು ನಯವಾಗಿರುತ್ತದೆ. 3000, 6000 ಎಂದು ಮುಂದಕ್ಕೆ ಹೋಗುವ ಚಪಲ ಎಲ್ಲರಿಗೂ ಬರುತ್ತದೆ, ಆದರೆ 1000ದಲ್ಲಿ ಹರಿತ ಬಾರದಿದ್ದ ಚಾಕುವಿಗೆ 6000ದಲ್ಲಿ ಹೊಳಪು ಮಾತ್ರ ಬರುತ್ತದೆ.

ಕೋನದ ವಿಷಯವನ್ನು ಸ್ವಲ್ಪ ವಿವರವಾಗಿ ನೋಡೋಣ, ಏಕೆಂದರೆ ಹೊಸಬರು ಸೋಲುವುದು ಇಲ್ಲಿಯೇ. ಅಡುಗೆಯ ಚಾಕುವಿಗೆ ಪ್ರತಿ ಬದಿಗೆ 15ರಿಂದ 20 ಡಿಗ್ರಿ, ಮರ ಕಡಿಯುವ ಕತ್ತಿಗೆ 25ರಿಂದ 30 ಡಿಗ್ರಿ ಎಂದು ಇಟ್ಟುಕೊಳ್ಳಬಹುದು. ಡಿಗ್ರಿಯನ್ನು ಕಣ್ಣಿನಿಂದ ಅಳೆಯುವುದು ಕಷ್ಟ, ಎತ್ತರವನ್ನು ಅಳೆಯುವುದು ಸುಲಭ. ಅಲಗಿನ ಅಗಲ 4 ಸೆಂಟಿಮೀಟರ್ ಇದ್ದರೆ, ಅದರ ಬೆನ್ನನ್ನು ಕಲ್ಲಿನಿಂದ ಸುಮಾರು 1.4 ಸೆಂಟಿಮೀಟರ್ ಎತ್ತಿದಾಗ 20 ಡಿಗ್ರಿ ಆಗುತ್ತದೆ. 1 ಸೆಂಟಿಮೀಟರ್ ಎತ್ತಿದರೆ 15 ಡಿಗ್ರಿಗೆ ಹತ್ತಿರ. ಬಾಯಿಯ ಉದ್ದಕ್ಕೂ ಮಾರ್ಕರ್ ಪೆನ್ನಿನಿಂದ ಕಪ್ಪು ಬಳಿದು ಕಲ್ಲಿನ ಮೇಲೆ ನಾಲ್ಕು ಬಾರಿ ಎಳೆದರೆ ತಪ್ಪು ತಾನಾಗಿ ಕಾಣುತ್ತದೆ: ಬಣ್ಣ ಬೆನ್ನಿನ ಕಡೆಗೆ ಹೋಗಿದ್ದರೆ ಕೋನ ಕಡಿಮೆಯಾಗಿದೆ, ತುದಿಯ ಅಂಚಿನಲ್ಲಿ ಮಾತ್ರ ಹೋಗಿದ್ದರೆ ಕೋನ ಹೆಚ್ಚಾಗಿದೆ.

ಒಂದೇ ಬದಿಯನ್ನು ಸಮನಾಗಿ ಮಸೆಯುತ್ತಾ ಹೋದಂತೆ ಲೋಹದ ಒಂದು ಎಳೆ ಅಂಚನ್ನು ದಾಟಿ ಇನ್ನೊಂದು ಬದಿಗೆ ಮಗುಚಿಕೊಳ್ಳುತ್ತದೆ. ಲೇತ್ ಅಂಗಡಿಯವರು ಇದನ್ನು ‘ಬರ್’ ಎನ್ನುತ್ತಾರೆ. ಅದು ಕಣ್ಣಿಗೆ ಕಾಣದಷ್ಟು ಸಣ್ಣದು. ಹೆಬ್ಬೆರಳನ್ನು ಬೆನ್ನಿನ ಕಡೆಯಿಂದ ಅಂಚಿನ ಹೊರಕ್ಕೆ ಮೃದುವಾಗಿ ಸವರಿದಾಗ ಚರ್ಮಕ್ಕೆ ತುಸು ತೊಡಕಿದಂತಾಗುತ್ತದೆ. ಬಾಯಿಯ ಬುಡದಿಂದ ಮೊನೆಯವರೆಗೆ ಎಲ್ಲ ಕಡೆಯೂ ಅದು ಸಿಕ್ಕಿದ ಮೇಲೆಯೇ ಮಗ್ಗುಲು ಬದಲಿಸಬೇಕು. ಎರಡನೆಯ ಬದಿಯಲ್ಲಿಯೂ ಅದನ್ನು ಎಬ್ಬಿಸಿ, ಆಮೇಲೆ ಭಾರ ಕಡಿಮೆ ಮಾಡುತ್ತಾ ಒಂದೊಂದು ಬದಿಗೆ ಒಂದೊಂದು ಎಳೆತದಂತೆ ಮುಂದುವರಿದು, ಕೊನೆಗೆ ಹಳೆಯ ಬೆಲ್ಟಿನ ಚರ್ಮದ ಮೇಲೆ ಬೆನ್ನು ಮುಂದಾಗಿ ಎಳೆದರೆ ಆ ಎಳೆ ಉದುರಿಹೋಗುತ್ತದೆ. ಮಾಗಿದ ಟೊಮೆಟೊ ಹಣ್ಣಿನ ಮೇಲೆ ಚಾಕುವನ್ನು ಒತ್ತದೆ ಎಳೆದಾಗ ಸಿಪ್ಪೆ ಸೀಳಿದರೆ ಕೆಲಸ ಮುಗಿದಂತೆ.

ಮೆಟ್ಟುಗತ್ತಿಯ ಬಾಯಿ ಒಳಬಾಗಿರುವುದರಿಂದ ಚಪ್ಪಟೆ ಕಲ್ಲು ಅದಕ್ಕೆ ತಾಗುವುದಿಲ್ಲ. ಉರುಟಾದ ಮಸೆಗಲ್ಲು, ಅದಿಲ್ಲದಿದ್ದರೆ ಕೋಲಿಗೆ ಸುತ್ತಿದ ಎಮರಿ ಕಾಗದ ಬೇಕಾಗುತ್ತದೆ. ಇದು ಗೊತ್ತಿಲ್ಲದೆ ನಾನು ಮನೆಯ ಹಳೆಯ ಮೆಟ್ಟುಗತ್ತಿಯನ್ನು ವಿದ್ಯುತ್ ಸಾಣೆಚಕ್ರಕ್ಕೆ ಹಿಡಿದೆ. ಕಿಡಿ ಚೆನ್ನಾಗಿ ಹಾರಿತು. ಅಂಚಿನ ಉದ್ದಕ್ಕೂ ಒಂದು ಬೆರಳಿನಷ್ಟು ಅಗಲಕ್ಕೆ ನವಿಲುಗತ್ತಿನ ನೀಲಿಯೂ ಹರಡಿತು, ಅದು ಚಂದವೆಂದೇ ನನಗೆ ಕಂಡಿತ್ತು. ಆ ವಾರವೇ ಹಲಸಿನಕಾಯಿಗೆ ಕೂತಾಗ ಬಾಯಿ ತಗಡಿನಂತೆ ಮಡಚಿಕೊಂಡಿತು. ಮೂಡಿಗೆರೆ ದಾರಿಯ ಒಂದು ಕುಲುಮೆಗೆ ಅದನ್ನು ಒಯ್ದಾಗ ಅಲ್ಲಿಯ ಆಚಾರ್ರು ಬೆಳಕಿಗೆ ಹಿಡಿದು ನೋಡಿ, “ಬೆಂಕಿ ಇಲ್ದೇನೇ ಹದ ಸುಟ್ಟಿದ್ದೀಯಲ್ಲ ಮಾರಾಯ” ಎಂದರು. ನೀಲಿ ಬಣ್ಣ ಎಂದರೆ ಉಕ್ಕು ಸುಮಾರು 300 ಡಿಗ್ರಿ ಸೆಲ್ಸಿಯಸ್ ಮುಟ್ಟಿದೆ ಎಂದರ್ಥ. ಚಾಕುವಿಗೆ ಬೇಕಾದ ಗಟ್ಟಿತನ ಅಷ್ಟು ಹೊತ್ತಿಗೆ ಇಳಿದುಹೋಗಿರುತ್ತದೆ. ಸಾಣೆಚಕ್ರವನ್ನು ಬಳಸಲೇಬೇಕಾದಾಗ ಪಕ್ಕದಲ್ಲಿ ನೀರಿನ ಬಕೆಟ್ ಇಟ್ಟುಕೊಂಡು, ಅಲಗನ್ನು ಬರಿಗೈಯಲ್ಲಿ ಹಿಡಿದು, ಬೆರಳಿಗೆ ಬಿಸಿ ತಾಗಿದ ಕೂಡಲೇ ಅದ್ದಬೇಕು. ತಿರುಗುವ ಚಕ್ರದ ಮುಂದೆ ಬಟ್ಟೆಯ ಕೈಗವಸು ತೊಡುವುದು ಅಪಾಯವೂ ಹೌದು, ಏಕೆಂದರೆ ಚಕ್ರ ಅದನ್ನು ಬೆರಳು ಸಮೇತ ಎಳೆದುಕೊಳ್ಳುತ್ತದೆ. ಕನ್ನಡಕವನ್ನು ಮಾತ್ರ ಮರೆಯಬಾರದು.

ಹಿಡಿ ಕೂರಿಸುವುದು

‘ಕೊಡಲಿ ಕಾವು ಕುಲಕ್ಕೆ ಮೂಲ’ ಎಂಬ ಗಾದೆಯನ್ನು ಹಿಡಿ ಮಾಡುವವರು ಸಂಕೋಚವಿಲ್ಲದೆ ನೆನೆಯಬಹುದು. ಹಳೆಯ ಕತ್ತಿಗಳಲ್ಲಿ ಅಲಗಿನ ಬುಡ ಚೂಪಾದ ಬಾಲದಂತೆ ಹಿಡಿಯೊಳಗೆ ಇಳಿದಿರುತ್ತದೆ. ಮರ ಒಣಗಿ ಕುಗ್ಗಿದಾಗ, ಇಲ್ಲವೇ ಮಳೆಗಾಲದ ನೀರು ಒಳಗಿಳಿದು ಬಾಲ ತುಕ್ಕು ಹಿಡಿದಾಗ ಅದು ಅಲ್ಲಾಡತೊಡಗುತ್ತದೆ. ಹಿಂದಿನವರು ಹಿಡಿಯ ತೂತಿಗೆ ಅರಗಿನ ಪುಡಿ ತುಂಬಿ, ಬಾಲವನ್ನು ಕಾಯಿಸಿ ಒಳಗೆ ಒತ್ತುತ್ತಿದ್ದರು. ಅರಗು ಕರಗಿ, ಆರಿ, ಹಿಡಿದುಕೊಳ್ಳುತ್ತಿತ್ತು. ಬಾಲವನ್ನು ಕಾಯಿಸುವಾಗ ಬಾಯಿಗೆ ಬಿಸಿ ಏರದಂತೆ ಅಲಗಿಗೆ ಒದ್ದೆ ಬಟ್ಟೆ ಸುತ್ತಿರಬೇಕು. ಈಗ ಎರಡು ಟ್ಯೂಬಿನ ಎಪಾಕ್ಸಿ ಅಂಟು ಅದೇ ಕೆಲಸವನ್ನು ತಣ್ಣಗೆ ಮಾಡುತ್ತದೆ, ಆದರೆ ಬಾಲದ ತುಕ್ಕನ್ನು ಅರದಿಂದ ಉಜ್ಜಿ ತೆಗೆಯದೆ ಅಂಟು ಹಾಕಿದರೆ ಅದು ತುಕ್ಕಿಗೆ ಅಂಟಿಕೊಳ್ಳುತ್ತದೆಯೇ ಹೊರತು ಉಕ್ಕಿಗಲ್ಲ.

ಮರದ ಆಯ್ಕೆಯಲ್ಲಿ ನಮ್ಮ ಜಿಲ್ಲೆ ಧಾರಾಳಿ. ಕಿತ್ತುಹಾಕಿದ ಹಳೆಯ ಕಾಫಿ ಗಿಡದ ಬುಡ ಗಟ್ಟಿಯಾಗಿ, ಒತ್ತಾದ ಎಳೆಯಿಂದ ಕೂಡಿರುತ್ತದೆ. ಒಂದು ವರ್ಷವಾದರೂ ನೆರಳಿನಲ್ಲಿ ಒಣಗದಿದ್ದರೆ ಮಾತ್ರ ಸೀಳುತ್ತದೆ. ಹಲಸು ಮತ್ತು ತೇಗವೂ ಒಳ್ಳೆಯವು. ಸಿಲ್ವರ್ ಓಕನ್ನು ಕಲಿಕೆಯ ಹಿಡಿಗೆ ಬಳಸಬಹುದು. ಬೀಟೆ ಎಲ್ಲಕ್ಕಿಂತ ಚೆಲುವು, ಆದರೆ ಅದನ್ನು ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು. ಬಡಗಿಯ ಬಳಿ ಹಳೆಯ ಮಂಚದ ಕಾಲಿನ ತುಂಡು ಸಿಕ್ಕಿದರೆ ಅದೇ ಭಾಗ್ಯ. ಅದರ ಪುಡಿ ಮೂಗಿಗೂ ಚರ್ಮಕ್ಕೂ ಒಗ್ಗುವುದಿಲ್ಲವಾದ್ದರಿಂದ ಉಜ್ಜುವಾಗ ಮುಖಕವಚ ಇರಲಿ.

ಉಕ್ಕು ಮತ್ತು ಹದ

ಚಿಕ್ಕಮಗಳೂರು ಜಿಲ್ಲೆಗೂ ಕಬ್ಬಿಣಕ್ಕೂ ಹಳೆಯ ನಂಟು: 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಕಾರ್ಖಾನೆಗೆ ಕೆಮ್ಮಣ್ಣುಗುಂಡಿಯಿಂದ ಅದಿರು ಹೋಗುತ್ತಿತ್ತು. ಆದರೆ ಹವ್ಯಾಸಿಗೆ ಗಣಿಗಿಂತ ಗುಜರಿ ಅಂಗಡಿಯೇ ಹತ್ತಿರ. ಗ್ರಿಲ್ ಮಾಡುವ ಪಟ್ಟಿಯಲ್ಲಿ ಇಂಗಾಲ ಶೇಕಡ 0.2ರ ಆಸುಪಾಸಿನಲ್ಲಿರುವುದರಿಂದ ಅದನ್ನು ಎಷ್ಟು ಕಾಯಿಸಿ ಅದ್ದಿದರೂ ಚಾಕುವಿನ ಗಟ್ಟಿತನ ಬರುವುದಿಲ್ಲ. ಜೀಪು, ಲಾರಿಗಳ ಕಮಾನ್ ಪಟ್ಟಿಯಲ್ಲಿ ಇಂಗಾಲ ಶೇಕಡ 0.5ರಿಂದ 0.6ರಷ್ಟಿದ್ದು, ಅದು ತೋಟದ ಕತ್ತಿಗೆ ಹೇಳಿ ಮಾಡಿಸಿದಂತಿರುತ್ತದೆ. ಹಳೆಯ ಅರದಲ್ಲಿ ಇಂಗಾಲ ಶೇಕಡ 1ನ್ನು ಮೀರಿರುತ್ತದೆ, ಆದ್ದರಿಂದ ಸಣ್ಣ ಚಾಕುವಿಗೆ ಅದು ಒಳ್ಳೆಯದು. ಸಾಣೆಚಕ್ರಕ್ಕೆ ತಾಗಿಸಿದಾಗ ಗ್ರಿಲ್ ಪಟ್ಟಿಯ ಕಿಡಿ ಉದ್ದ ಗೆರೆಯಾಗಿ ಹಾರುತ್ತದೆ, ಅರದ ಕಿಡಿ ಸುರುಸುರು ಬತ್ತಿಯಂತೆ ಕವಲೊಡೆಯುತ್ತದೆ. ಸತು ಲೇಪಿಸಿದ ಕಬ್ಬಿಣವನ್ನು ಮಾತ್ರ ಬೆಂಕಿಗೆ ಹಾಕಲೇಬಾರದು. ಅದರ ಹೊಗೆಯಿಂದ ಜ್ವರ ಬರುತ್ತದೆ.

ಉಕ್ಕನ್ನು ಮೊದಲು ಕೆಂಪಗೆ ಕಾಯಿಸಿ, ಒಣ ಬೂದಿಯಲ್ಲಿ ಹೂತು ರಾತ್ರಿಯಿಡೀ ನಿಧಾನವಾಗಿ ಆರಲು ಬಿಟ್ಟರೆ ಅದು ಮೆತ್ತಗಾಗಿ ಗರಗಸಕ್ಕೂ ಅರಕ್ಕೂ ಬಗ್ಗುತ್ತದೆ. ಮೊದಲ ಚಾಕುವನ್ನು ಬಡಿದು ಮಾಡುವ ಅಗತ್ಯವಿಲ್ಲ. ಆಕಾರ ಬರೆದು, ಗರಗಸದಿಂದ ಕತ್ತರಿಸಿ, ಅರದಿಂದ ಇಳಿಜಾರು ತೆಗೆಯುವುದೇ ಸಾಕಷ್ಟು ಕೆಲಸ. ಬಾಯಿಯನ್ನು ಈ ಹಂತದಲ್ಲಿ ಹರಿತ ಮಾಡದೆ ಒಂದು ಮಿಲಿಮೀಟರಿನಷ್ಟು ದಪ್ಪ ಉಳಿಸಬೇಕು, ಇಲ್ಲವಾದರೆ ಮುಂದಿನ ಬಿಸಿಗೆ ಅದು ಸೊಟ್ಟಗಾಗುತ್ತದೆ ಅಥವಾ ಬಿರಿಯುತ್ತದೆ.

ಹದ ಹಾಕುವುದನ್ನು, ಅಂದರೆ ಅಲಗನ್ನು ಕಾಯಿಸಿ ಥಟ್ಟನೆ ತಣಿಸಿ ಗಟ್ಟಿಮಾಡುವುದನ್ನು, ಸಂಜೆ ಇಟ್ಟುಕೊಳ್ಳುವುದು ಲೇಸು. ಕುಲುಮೆಗಳು ಕತ್ತಲಾಗಿರುವುದಕ್ಕೆ ಕಾರಣವಿದೆ: ಬಿಸಿಲಿನಲ್ಲಿ ಕೆಂಪಿನ ಬಗೆಗಳು ಕಣ್ಣಿಗೆ ಸಿಗುವುದಿಲ್ಲ. ಬಾಳೆಹೂವಿನ ಕಡುಗೆಂಪು ಇನ್ನೂ ಸಾಲದು. ಮಾಗಿದ ಕಾಫಿ ಹಣ್ಣಿನ ಕೆಂಪು ಬಂದಾಗ ತಂತಿಗೆ ಕಟ್ಟಿದ ಅಯಸ್ಕಾಂತವನ್ನು ಹತ್ತಿರ ಒಯ್ದು ನೋಡಬೇಕು. ಸುಮಾರು 770 ಡಿಗ್ರಿಯಲ್ಲಿ ಕಬ್ಬಿಣ ಅಯಸ್ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ. ಕಮಾನ್ ಪಟ್ಟಿಯನ್ನು ಅದಕ್ಕಿಂತ ಇನ್ನೊಂದು ಛಾಯೆ ಮುಂದಕ್ಕೆ, 830–850 ಡಿಗ್ರಿಯವರೆಗೆ ಕಾಯಿಸಿ, ಕೂಡಲೇ 50–60 ಡಿಗ್ರಿಗೆ ಬೆಚ್ಚಗೆ ಮಾಡಿದ ಅಡುಗೆ ಎಣ್ಣೆಯಲ್ಲಿ ನೆಟ್ಟಗೆ ಇಳಿಸಬೇಕು. ಹಳದಿಗೆ ತಿರುಗುವಷ್ಟು ಕಾಯಿಸಿದರೆ ಉಕ್ಕಿನ ಹರಳುಗಳು ದಪ್ಪಗೆ ಬೆಳೆದು ಅಲಗು ಪೆಡಸಾಗುತ್ತದೆ. ಎಣ್ಣೆ ಹತ್ತಿಕೊಂಡರೆ ಮುಚ್ಚಲು ತಗಡಿನ ಮುಚ್ಚಳ ಕೈಗೆಟಕುವಂತಿರಬೇಕು, ನೀರು ಸುರಿಯಬಾರದು.

ಒಳಗೆ ನಡೆಯುವುದಿಷ್ಟು: ಆ ಬಿಸಿಯಲ್ಲಿ ಇಂಗಾಲವು ಕಬ್ಬಿಣದ ಹರಳುಗಳೊಳಗೆ ಕರಗಿರುತ್ತದೆ, ಥಟ್ಟನೆ ತಣಿಸಿದಾಗ ಹೊರಬರಲು ಹೊತ್ತು ಸಿಗದೆ ಅಲ್ಲಿಯೇ ಸಿಕ್ಕಿಕೊಳ್ಳುತ್ತದೆ. ಹೀಗೆ ಬಿಗಿದುಕೊಂಡ ರಚನೆಗೆ ಮಾರ್ಟೆನ್ಸೈಟ್ ಎಂದು ಹೆಸರು. ಅರವನ್ನು ಎಳೆದು ನೋಡಿದರೆ ಅದು ಕಚ್ಚದೆ ಗಾಜಿನ ಮೇಲಿನಂತೆ ಜಾರುತ್ತದೆ. ಆದರೆ ಆಗ ಅಲಗು ಗಾಜಿನಂತೆಯೇ ಒಡೆಯಲೂಬಹುದು, ಆದ್ದರಿಂದ ತಡಮಾಡದೆ ಸುಮಾರು 200 ಡಿಗ್ರಿಯ ಓವನ್ನಿನಲ್ಲಿ ಎರಡು ಗಂಟೆಯಂತೆ ಎರಡು ಬಾರಿ ಇಟ್ಟು ಬಿಗಿಯನ್ನು ತುಸು ಸಡಿಲಿಸಬೇಕು. ಉಜ್ಜಿದ ಉಕ್ಕಿನ ಮೇಲೆ ಒಣಹುಲ್ಲಿನ ಹಳದಿ ಬಂದರೆ ಚಾಕುವಿಗೆ ಸರಿ. ಬಡಿಯುವ ಕತ್ತಿಗೆ ಇನ್ನೂ ಮುಂದೆ ಹೋಗಿ ನೇರಳೆಯವರೆಗೆ ಇಳಿಸಬೇಕಾಗುತ್ತದೆ.

ಆಚಾರ್ರ ಕ್ರಮದಲ್ಲಿ ಓವನ್ನೂ ಇಲ್ಲ, ಎಣ್ಣೆಯೂ ಇಲ್ಲ. ಅವರು ಕೆಂಪಾದ ಕತ್ತಿಯ ಬಾಯಿಯನ್ನು ಮಾತ್ರ ಕಲ್ಲಿನ ತೊಟ್ಟಿಯ ನೀರಿಗೆ ತಾಗಿಸಿ, ಎರಡು ಉಸಿರಿನಲ್ಲಿ ಹೊರತೆಗೆದು, ಕಲ್ಲಿನ ಚೂರಿನಿಂದ ಒಂದು ಗೆರೆ ಉಜ್ಜಿ, ಕಣ್ಣಿಗೆ ಹತ್ತಿರ ಹಿಡಿದು ಕಾಯುತ್ತಾರೆ. ಬೆನ್ನಿನಲ್ಲಿ ಉಳಿದಿರುವ ಬಿಸಿ ಬಾಯಿಯ ಕಡೆಗೆ ಹರಿದುಬರುವಾಗ ಹಳದಿ, ಕಂದು, ನೇರಳೆ ಒಂದರ ಹಿಂದೆ ಒಂದು ಓಡುತ್ತವೆ. ಬೇಕಾದ ಬಣ್ಣ ಅಂಚನ್ನು ಮುಟ್ಟಿದ ಗಳಿಗೆಯಲ್ಲಿ ಪೂರ್ತಿ ಅದ್ದುತ್ತಾರೆ. ಇದನ್ನು ನಾನು ಒಂಬತ್ತು ಸಲ ಪ್ರಯತ್ನಿಸಿ ಎರಡು ಪಟ್ಟಿಗಳನ್ನು ‘ಟಿಣ್’ ಎನಿಸಿ ಸೀಳಿದ್ದೇನೆ. ನೀರು ಎಣ್ಣೆಗಿಂತ ಬಹಳ ಬೇಗ ತಣಿಸುವುದರಿಂದ ಕಮಾನ್ ಪಟ್ಟಿಯ ಉಕ್ಕು ಅದನ್ನು ತಾಳುವುದು ಕಡಿಮೆ. ಕಲಿಯುವವರು ಎಣ್ಣೆಯನ್ನೇ ನಂಬಬೇಕು.

ಉದ್ದದ ವಿಷಯದಲ್ಲಿ ಒಂದು ಎಚ್ಚರ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲವಿದ್ದು, ಮನೆ, ಕೃಷಿ, ವಿಜ್ಞಾನ ಅಥವಾ ಕೈಗಾರಿಕೆಯ ಬಳಕೆಗಾಗಿ ರೂಪಿಸಿದ್ದಲ್ಲದಿದ್ದರೆ ಅದು ಆಯುಧದ ಪಟ್ಟಿಗೆ ಸೇರುತ್ತದೆ. ತರಕಾರಿ ಚಾಕುವಿನಿಂದ ಆರಂಭಿಸುವವರಿಗೆ ಈ ಪ್ರಶ್ನೆಯೇ ಬರುವುದಿಲ್ಲ.

ಕೊನೆಯದು ತುಕ್ಕು. ಮಲೆನಾಡಿನ ಆಷಾಢದಲ್ಲಿ ಇಂಗಾಲದ ಉಕ್ಕನ್ನು ಒದ್ದೆಯಾಗಿ ಬಿಟ್ಟರೆ ಬೆಳಗಾಗುವುದರೊಳಗೆ ಕೆಂಪಗಾಗುತ್ತದೆ. ಒರೆಸಿ, ಒಲೆಯ ಬಳಿ ಒಣಗಿಸಿ, ತೆಂಗಿನೆಣ್ಣೆ ಸವರಿ ಇಡಬೇಕು. ಚರ್ಮದ ಒರೆ ತೇವವನ್ನು ಹಿಡಿದಿಟ್ಟುಕೊಳ್ಳುವುದರಿಂದ ಮಳೆಗಾಲದಲ್ಲಿ ಅಲಗನ್ನು ಅದರಲ್ಲಿ ಇಡಬಾರದು. ಹೊಸ ಚಾಕುವನ್ನು ಸೋಪಿನಿಂದ ತೊಳೆದು, ಗಟ್ಟಿಯಾಗಿ ಕುದಿಸಿದ ಕಾಫಿ ಡಿಕಾಕ್ಷನ್‌ನಲ್ಲಿ ಮೂರು ನಾಲ್ಕು ಗಂಟೆ ಮುಳುಗಿಸಿಟ್ಟರೆ ಅದರ ಆಮ್ಲಕ್ಕೆ ಉಕ್ಕಿನ ಮೈಮೇಲೆ ಕಡುಬೂದು ಪದರವೊಂದು ಕಟ್ಟುತ್ತದೆ, ಕೆಂಪು ತುಕ್ಕು ಆಮೇಲೆ ಅಷ್ಟು ಸುಲಭವಾಗಿ ಹತ್ತುವುದಿಲ್ಲ. ಇದಕ್ಕೆ ಚಿಕೋರಿ ಬೆರೆಸಿದ ಪುಡಿಯೂ ನಡೆಯುತ್ತದೆ. ಮನೆಯವರು ಕುಡಿಯಲು ಇಟ್ಟುಕೊಂಡಿರುವ ಒಳ್ಳೆಯ ಪುಡಿಯ ಡಬ್ಬಿಗೆ ಕೈ ಹಾಕುವುದು ಬೇಡ.