ಯಾವ ಕೋರ್ಸ್? ಖಡಕ್‌ವಾಸಲಾದ ಸಹಪಾಠಿಗಳ ಹಿನ್ನೆಲೆ

ಪುಣೆಯ ಕರ್ವೆನಗರ, ವಾರ್ಜೆ ಕಡೆಯ ಕನ್ನಡ ಮನೆಗಳಿಗೆ ‘ಲಿಬರ್ಟಿ’ ಎಂಬ ಮಾತು ಹೊಸದಲ್ಲ. ವಿಜಯಪುರದ ಸೈನಿಕ ಶಾಲೆಯಲ್ಲಿ ಓದಿ, ಸೊಲ್ಲಾಪುರದ ಮೇಲೆ ರೈಲಿನಲ್ಲಿ ಬಂದು ಖಡಕ್‌ವಾಸಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿ ಸೇರಿದ ಹುಡುಗರು, ಹೊರಗೆ ಹೋಗಲು ಅನುಮತಿ ಸಿಕ್ಕ ಭಾನುವಾರ ಊರಿನ ಪರಿಚಯದವರ ಮನೆಗೆ ರೊಟ್ಟಿ, ಎಣ್ಣೆಗಾಯಿ ಉಣ್ಣಲು ಬರುತ್ತಾರೆ. ಅಂಥ ಊಟದ ಹೊತ್ತಿನಲ್ಲಿ ನಿವೃತ್ತ ಅಧಿಕಾರಿಯೊಬ್ಬರು ಎದುರಾದರೆ, ನಾವು ‘ಯಾವ ಊರಿನವರು’ ಎಂದು ಕೇಳುವ ಕಡೆ ಅವರು ‘ಯಾವ ಕೋರ್ಸ್’ ಎಂದು ಕೇಳುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಕೋರ್ಸ್ ಎಂದರೆ ಅಕಾಡೆಮಿಗೆ ಒಟ್ಟಿಗೆ ಸೇರಿದವರ ತಂಡ; ಪ್ರತಿ ತಂಡಕ್ಕೂ ಒಂದು ಸಂಖ್ಯೆ. ಸೈನ್ಯದವರಿಗೆ ಕೋರ್ಸ್‌ಮೇಟ್ ಎಂದರೆ ಸಹಪಾಠಿ ಎಂಬುದಕ್ಕಿಂತ ಹೆಚ್ಚು, ಬಹುಮಟ್ಟಿಗೆ ಒಡಹುಟ್ಟಿದವನೇ. ಈ ಬಾಂಧವ್ಯ ತಾನಾಗಿಯೇ ಹುಟ್ಟಿದ್ದಲ್ಲ, ಅದನ್ನು ಬೆಳೆಸಬೇಕೆಂದೇ ಒಂದು ವ್ಯವಸ್ಥೆಯನ್ನು ಕಟ್ಟಲಾಯಿತು.

ಕೊಡಗಿನ ಕಾರ್ಯಪ್ಪನವರು ತರಬೇತಿ ಪಡೆದದ್ದು ಮೊದಲ ಮಹಾಯುದ್ಧದ ಕೊನೆಯಲ್ಲಿ, ಇಂದೋರಿನ ಡಾಲಿ ಕಾಲೇಜಿನಲ್ಲಿ; ಅವರಿಗಿಂತ ಕಿರಿಯರಾದ ತಿಮ್ಮಯ್ಯನವರು ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್‌ಗೆ ಹೋಗಬೇಕಾಯಿತು. ಭಾರತದ ನೆಲದಲ್ಲೇ ಅಧಿಕಾರಿಗಳನ್ನು ತಯಾರಿಸುವ ಭಾರತೀಯ ಸೇನಾ ಅಕಾಡೆಮಿ ಡೆಹ್ರಾಡೂನಿನಲ್ಲಿ ಆರಂಭವಾದದ್ದು 1932ರಲ್ಲಿ. ಅದರ ಮೊದಲ ತಂಡದಲ್ಲಿದ್ದವರು 40 ಮಂದಿ. ಅವರಲ್ಲಿ ಸ್ಯಾಮ್ ಮಾಣೆಕ್‌ಶಾ ಭಾರತದ, ಮೊಹಮ್ಮದ್ ಮೂಸಾ ಪಾಕಿಸ್ತಾನದ, ಸ್ಮಿತ್ ಡನ್ ಬರ್ಮಾದ ಸೇನೆಗಳ ಮುಖ್ಯಸ್ಥರಾದರು. 1965ರ ಯುದ್ಧದಲ್ಲಿ ಪಾಕಿಸ್ತಾನದ ಸೇನೆಯನ್ನು ನಡೆಸಿದವರು ಇದೇ ಮೂಸಾ. ಒಂದೇ ಮೈದಾನದಲ್ಲಿ ಕವಾಯತು ಮಾಡಿದವರನ್ನು ಚರಿತ್ರೆ ಮೂರು ದೇಶಗಳಿಗೆ ಹಂಚಿಹಾಕಿತ್ತು.

ಎರಡನೆಯ ಮಹಾಯುದ್ಧ ಇನ್ನೊಂದು ಪಾಠ ಕಲಿಸಿತು. ಭೂಸೇನೆ, ನೌಕಾಪಡೆ, ವಾಯುಪಡೆಗಳು ಒಂದನ್ನೊಂದು ಅರಿಯದೆ ಯುದ್ಧ ಮಾಡಲಾಗದು ಎಂಬುದು ಸ್ಪಷ್ಟವಾದಾಗ, ಆಗಿನ ಭಾರತೀಯ ಸೇನೆಯ ಮುಖ್ಯಸ್ಥ ಆಚಿನ್‌ಲೆಕ್ ನೇತೃತ್ವದ ಸಮಿತಿಯು ಮೂರೂ ಪಡೆಗಳ ಕೆಡೆಟ್ಟರಿಗೆ ಒಂದೇ ಅಕಾಡೆಮಿ ಇರಬೇಕೆಂದು 1946ರಲ್ಲಿ ಶಿಫಾರಸು ಮಾಡಿತು. ಪೂರ್ವ ಆಫ್ರಿಕಾದ ಕಾಳಗದಲ್ಲಿ ಮಡಿದ ಭಾರತೀಯ ಯೋಧರ ನೆನಪಿಗೆ ಸುಡಾನ್ ಕೊಟ್ಟಿದ್ದ ಒಂದು ಲಕ್ಷ ಪೌಂಡಿನಲ್ಲಿ ವಿಭಜನೆಯ ನಂತರ ಭಾರತಕ್ಕೆ ಉಳಿದ 70 ಸಾವಿರ ಪೌಂಡನ್ನು ಈ ಕಟ್ಟಡಕ್ಕೇ ಬಳಸಲಾಯಿತು. ಇಂದಿಗೂ ಮುಖ್ಯ ಕಟ್ಟಡದ ಹೆಸರು ಸುಡಾನ್ ಬ್ಲಾಕ್. ನೆಹರೂ 1949ರ ಅಕ್ಟೋಬರ್ 6ರಂದು ಖಡಕ್‌ವಾಸಲಾದಲ್ಲಿ ಅಡಿಗಲ್ಲಿಟ್ಟರು. ಪಕ್ಕದಲ್ಲಿ ಕೆರೆ, ಎದುರಿಗೆ ಸಿಂಹಗಡದ ಬೆಟ್ಟ, ಅನತಿ ದೂರದಲ್ಲಿ ಲೋಹಗಾಂವ್ ವಿಮಾನ ನೆಲೆ. ಮೂರೂ ಪಡೆಗಳ ಕಲಿಕೆಗೆ ಇದಕ್ಕಿಂತ ಹೊಂದುವ ಜಾಗ ಸಿಗುವುದು ಕಷ್ಟವಿತ್ತು.

ಕಟ್ಟಡ ಏಳುವವರೆಗೆ ಕಾಯದೆ, 1949ರ ಜನವರಿ 1ರಂದೇ ಡೆಹ್ರಾಡೂನಿನಲ್ಲಿ ಮೂರೂ ಪಡೆಗಳ ಜಂಟಿ ತರಬೇತಿಯ ‘ಜಾಯಿಂಟ್ ಸರ್ವಿಸಸ್ ವಿಂಗ್’ ಶುರುವಾಯಿತು. ಈ ಮೊದಲ ಕೋರ್ಸಿನ ಕಥೆಯನ್ನು ಸ್ವಲ್ಪ ನಿಧಾನವಾಗಿಯೇ ಹೇಳಬೇಕು. ಅದರಲ್ಲಿದ್ದ ಸುನಿತ್ ಫ್ರಾನ್ಸಿಸ್ ರೋಡ್ರಿಗ್ಸ್ ಮತ್ತು ಲಕ್ಷ್ಮೀನಾರಾಯಣ ರಾಮದಾಸ್ ಇಬ್ಬರೂ 1933ರಲ್ಲಿ ಮುಂಬಯಿಯಲ್ಲಿ ಹುಟ್ಟಿದವರು, ನಿರ್ಮಲ್ ಚಂದ್ರ ಸೂರಿ ಅಮೃತಸರದವರು. 1991ರ ಆಗಸ್ಟಿನಲ್ಲಿ ಸೂರಿ ವಾಯುಪಡೆಯ ಮುಖ್ಯಸ್ಥರಾದಾಗ, ಭೂಸೇನೆಯನ್ನು ರೋಡ್ರಿಗ್ಸ್, ನೌಕಾಪಡೆಯನ್ನು ರಾಮದಾಸ್ ಆಗಲೇ ನಡೆಸುತ್ತಿದ್ದರು. ಮೂವತ್ತರ ದಶಕದ ಸಹಪಾಠಿಗಳು ಮೂರು ದೇಶಗಳ ಸೇನೆಗಳನ್ನು ನಡೆಸಿದ್ದರೆ, ಸ್ವತಂತ್ರ ಭಾರತದ ಈ ಸಹಪಾಠಿಗಳು ಒಂದೇ ದೇಶದ ಮೂರು ಪಡೆಗಳನ್ನು ನಡೆಸಿದರು.

ನಿವೃತ್ತಿಯ ನಂತರ ಅವರು ಹಿಡಿದ ದಾರಿಗಳು ಬೇರೆಯಾದವು. ಗೋವಾ ಮೂಲದ ರೋಡ್ರಿಗ್ಸ್ ಪಂಜಾಬಿನ ರಾಜ್ಯಪಾಲರಾಗಿ, ಕೊನೆಗೆ ಗೋವಾದಲ್ಲಿ ನೆಲೆಸಿ, 2022ರಲ್ಲಿ ಅಲ್ಲೇ ತೀರಿಕೊಂಡರು. 1971ರಲ್ಲಿ ಐಎನ್‌ಎಸ್ ಬಿಯಾಸ್ ಹಡಗನ್ನು ನಡೆಸಿ ವೀರಚಕ್ರ ಪಡೆದಿದ್ದ ರಾಮದಾಸ್ ಅಲಿಬಾಗಿನ ಹತ್ತಿರದ ಹಳ್ಳಿಯಲ್ಲಿ ಬೇಸಾಯಕ್ಕಿಳಿದರು; ಅಣ್ವಸ್ತ್ರಗಳನ್ನು ವಿರೋಧಿಸಿದರು; ಭಾರತ ಮತ್ತು ಪಾಕಿಸ್ತಾನದ ಜನರ ನಡುವಿನ ಶಾಂತಿಗಾಗಿ ದುಡಿದು 2004ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದರು. ಒಂದೇ ಅಚ್ಚಿನಲ್ಲಿ ಎರಕ ಹೊಯ್ದವರು ಒಂದೇ ರೀತಿ ಯೋಚಿಸುತ್ತಾರೆಂಬ ನಂಬಿಕೆಗೆ ಈ ಮೊದಲ ಕೋರ್ಸೇ ಉತ್ತರ ಎಂದು ನನಗನ್ನಿಸುತ್ತದೆ.

ಇಂಥ ಯೋಗ ಮತ್ತೆ ಕೂಡಿಬಂದದ್ದು 2019ರ ಡಿಸೆಂಬರ್ 31ರಂದು. ಪುಣೆಯ ಜ್ಞಾನಪ್ರಬೋಧಿನಿಯಲ್ಲಿ ಓದಿದ್ದ ಮನೋಜ್ ನರವಣೆ ಭೂಸೇನೆಯ ಮುಖ್ಯಸ್ಥರಾದಾಗ, ಅಡ್ಮಿರಲ್ ಕರಮ್‌ಬೀರ್ ಸಿಂಗ್, ಏರ್ ಚೀಫ್ ಮಾರ್ಷಲ್ ಭದೌರಿಯಾ ಮತ್ತು ಅವರು, ಮೂವರೂ 56ನೇ ಕೋರ್ಸಿನವರಾಗಿದ್ದರು. ಮೂವರ ತಂದೆಯರೂ ವಾಯುಪಡೆಯಲ್ಲಿದ್ದವರು. 2025ರ ಫೆಬ್ರುವರಿಯಲ್ಲಿ ಯಲಹಂಕದ ಏರೋ ಇಂಡಿಯಾಕ್ಕೆ ಮುನ್ನ ಭೂಸೇನೆಯ ಮುಖ್ಯಸ್ಥ ಉಪೇಂದ್ರ ದ್ವಿವೇದಿಯವರನ್ನು ವಾಯುಪಡೆಯ ಮುಖ್ಯಸ್ಥ ಎ.ಪಿ. ಸಿಂಗ್ ತೇಜಸ್ ವಿಮಾನದಲ್ಲಿ ಕೂರಿಸಿಕೊಂಡು ಹಾರಿದಾಗಲೂ, ಇಬ್ಬರೂ ಕೋರ್ಸ್‌ಮೇಟ್‌ಗಳೆಂಬುದು ಸುದ್ದಿಯಾಯಿತು.

ಆದರೆ ಶಿಖರದಲ್ಲಿ ನಿಂತವರಿಂದಲೇ ಒಂದು ಕೋರ್ಸನ್ನು ಅಳೆಯುವುದು ತಪ್ಪು. ಸೇನೆಯ ಬಡ್ತಿ ಪಿರಮಿಡ್ಡಿನಂತೆ ಮೇಲೆ ಹೋದಷ್ಟೂ ಕಿರಿದಾಗುತ್ತದೆ. ಕರ್ನಲ್ ಹುದ್ದೆಯಿಂದ ಮೇಲಕ್ಕೆ ಆಯ್ಕೆ ಮಂಡಳಿಗಳು ಅಧಿಕಾರಿಗಳನ್ನು ತಂಡವಾರು ಪರಿಶೀಲಿಸುವುದರಿಂದ, ಮೂರು ವರ್ಷ ಒಟ್ಟಿಗೆ ಬೆವರು ಸುರಿಸಿದವರೇ ಮುಂದೆ ಪರಸ್ಪರ ಸ್ಪರ್ಧಿಗಳಾಗುತ್ತಾರೆ. ಹೆಚ್ಚಿನವರು ನಡುವಿನ ಮೆಟ್ಟಿಲುಗಳಲ್ಲೇ ಗೌರವದಿಂದ ನಿವೃತ್ತರಾಗುತ್ತಾರೆ.

ಆ ಮೆಟ್ಟಿಲುಗಳವರೆಗೂ ಬಾರದವರಿದ್ದಾರೆ. ಬೆಂಗಳೂರಿನ ಕಿಂಗ್ ಜಾರ್ಜ್ ಮಿಲಿಟರಿ ಕಾಲೇಜಿನಲ್ಲಿ ಓದು ಆರಂಭಿಸಿದ್ದ ಕ್ಯಾಪ್ಟನ್ ಗುರ್ಬಚನ್ ಸಿಂಗ್ ಸಲಾರಿಯಾ 1961ರ ಡಿಸೆಂಬರಿನಲ್ಲಿ ಕಾಂಗೋದಲ್ಲಿ ಮಡಿದು, ಪರಮವೀರ ಚಕ್ರ ಪಡೆದ ಅಕಾಡೆಮಿಯ ಮೊದಲ ಹಳೆಯ ವಿದ್ಯಾರ್ಥಿಯಾದರು. ಪುಣೆಯಲ್ಲಿಯೇ ಹುಟ್ಟಿದ 38ನೇ ಕೋರ್ಸಿನ ಅರುಣ್ ಖೇತ್ರಪಾಲ್, ಪೂನಾ ಹಾರ್ಸ್ ರೆಜಿಮೆಂಟ್ ಸೇರಿದ ಆರೇ ತಿಂಗಳಲ್ಲಿ, 1971ರ ಡಿಸೆಂಬರ್ 16ರಂದು ಬಸಂತರ್ ಕಾಳಗದಲ್ಲಿ ಪ್ರಾಣ ಕೊಟ್ಟರು. ಆಗ ಅವರಿಗೆ 21 ವರ್ಷ. ಇಂದು ಪ್ರತಿಯೊಂದು ಕೋರ್ಸೂ ಅವರ ಹೆಸರಿನ ಪರೇಡ್ ಮೈದಾನವನ್ನು ದಾಟಿಯೇ ಹೊರಗೆ ಹೆಜ್ಜೆಯಿಡುತ್ತದೆ. ಕೆಡೆಟ್ಟರೇ ಕೈಯಾರೆ ಕಟ್ಟಿದ ‘ಹಟ್ ಆಫ್ ರಿಮೆಂಬರೆನ್ಸ್’ ಸ್ಮಾರಕದಲ್ಲಿ ಹೀಗೆ ಮಡಿದವರ ಹೆಸರುಗಳಿವೆ.

2025ರ ಮೇ 30ರಂದು ಅದೇ ಮೈದಾನದಲ್ಲಿ 148ನೇ ಕೋರ್ಸಿನ ಜೊತೆ 17 ಯುವತಿಯರು ಹೊರಬಂದರು. 2021ರಲ್ಲಿ ಸುಪ್ರೀಂ ಕೋರ್ಟ್ ಪ್ರವೇಶ ಪರೀಕ್ಷೆಯ ಬಾಗಿಲು ತೆರೆಸಿದ್ದರ ಫಲವಿದು. ನೌಕಾಪಡೆಗೆ ಮಹಿಳಾ ಅಧಿಕಾರಿಗಳು 1992ರಲ್ಲಿ ಸೇರಿದಾಗ ಮುಖ್ಯಸ್ಥರಾಗಿದ್ದವರು ಮೊದಲ ಕೋರ್ಸಿನ ರಾಮದಾಸ್; ಅಕಾಡೆಮಿಯಲ್ಲಿ ಹೆಣ್ಣುಮಕ್ಕಳು ಕೋರ್ಸ್‌ಮೇಟ್ ಎನಿಸಿಕೊಳ್ಳಲು ಅಲ್ಲಿಂದ ಮತ್ತೆ ಮೂವತ್ತು ವರ್ಷ ಹಿಡಿಯಿತು.

2025ರ ಆಗಸ್ಟಿನಲ್ಲಿ, ತರಬೇತಿಯಲ್ಲಿ ಗಾಯಗೊಂಡು ವೈದ್ಯಕೀಯ ಕಾರಣದಿಂದ ಹೊರಗೆ ಕಳುಹಿಸಲ್ಪಟ್ಟ ಕೆಡೆಟ್ಟರ ವಿಷಯವನ್ನು ಸುಪ್ರೀಂ ಕೋರ್ಟ್ ತಾನಾಗಿಯೇ ಕೈಗೆತ್ತಿಕೊಂಡಿತು. 1985ರಿಂದೀಚೆಗೆ ದೇಶದ ಸೇನಾ ಅಕಾಡೆಮಿಗಳಿಂದ ಹೀಗೆ ಹೊರಬಂದವರು ಸುಮಾರು 500 ಮಂದಿಯೆಂದು ಪತ್ರಿಕೆಗಳು ವರದಿ ಮಾಡಿದವು. ಕಮಿಷನ್, ಅಂದರೆ ಅಧಿಕಾರಿಯಾಗಿ ನೇಮಕ, ಸಿಗುವ ಮೊದಲೇ ಅಂಗವಿಕಲರಾದ ಕಾರಣ ಕಾನೂನಿನ ಕಣ್ಣಿಗೆ ಅವರು ಮಾಜಿ ಸೈನಿಕರಲ್ಲ. ಮಾಜಿ ಸೈನಿಕರ ಆರೋಗ್ಯ ಯೋಜನೆಯನ್ನು ಅವರಿಗೂ ವಿಸ್ತರಿಸುವುದಾಗಿ ರಕ್ಷಣಾ ಸಚಿವಾಲಯ ಅದೇ ತಿಂಗಳ ಕೊನೆಗೆ ಪ್ರಕಟಿಸಿತು. ಬೆಳ್ಳಿಹಬ್ಬಕ್ಕೆ, ಚಿನ್ನದ ಹಬ್ಬಕ್ಕೆ ಕೋರ್ಸುಗಳು ತಮ್ಮ ಚರಿತ್ರೆ ಬರೆಯುವಾಗ ಜನರಲ್‌ಗಳ ಪುಟಗಳ ಜೊತೆಗೆ ಇವರಿಗೂ ಪುಟಗಳಿರಬೇಕೆಂದು ನಾನು ಬಯಸುತ್ತೇನೆ. ಯಾವ ಕೋರ್ಸ್ ಎಂದು ಕೇಳಿದರೆ ಹೇಳಲು ಇವರ ಬಳಿಯೂ ಒಂದು ಸಂಖ್ಯೆಯಿದೆ.